ಕಾಣದ ಸೇವೆ: ಡಾ. ಸಾರಾ ಜೋಸೆಫೀನ್ ಬೇಕರ್ ಅವರ ಶಿಶುರಕ್ಷಣಾ ಕಾರ್ಯ

ರೋಗಿಯನ್ನು ಗುಣಪಡಿಸಿದ ವೈದ್ಯರನ್ನು ಲೋಕವು ಕೊಂಡಾಡುತ್ತದೆ. ರೋಗವೇ ಬಾರದಂತೆ ನೋಡಿಕೊಂಡ ವೈದ್ಯರನ್ನು ಗುರುತಿಸುವವರು ವಿರಳ. ಗುಣಹೊಂದಿದವನು ಕೃತಜ್ಞತೆಯಿಂದ ಕೈಮುಗಿಯುತ್ತಾನೆ. ರೋಗಕ್ಕೆ ತುತ್ತಾಗದೆ ಉಳಿದವನಿಗೆ ತಾನು ಯಾರ ದೆಸೆಯಿಂದ ಉಳಿದೆನೆಂಬ ಅರಿವೇ ಇರುವುದಿಲ್ಲ. ಆದುದರಿಂದ ರೋಗನಿವಾರಣೆಗಿಂತ ರೋಗನಿರೋಧವು ಹೆಚ್ಚು ನಿಷ್ಕಾಮವಾದ ಸೇವೆಯೆನ್ನಬಹುದು. ಇಂತಹ ಸೇವೆಗೆ ತಮ್ಮ ಜೀವಿತದ ಬಹುಭಾಗವನ್ನು ಮುಡಿಪಾಗಿಟ್ಟ ವೈದ್ಯೆಯೊಬ್ಬರ ಚರಿತ್ರೆಯನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸಲಾಗಿದೆ. ಅವರು ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ಶಿಶುಗಳ ಪ್ರಾಣರಕ್ಷಣೆಗಾಗಿ ದುಡಿದ ಡಾ. ಸಾರಾ ಜೋಸೆಫೀನ್ ಬೇಕರ್.

ಬೇಕರ್ ಅವರು 1873ರ ನವೆಂಬರ್ 15ರಂದು ನ್ಯೂಯಾರ್ಕ್ ರಾಜ್ಯದ ಪೊಕೀಪ್ಸಿ ಎಂಬ ಊರಿನಲ್ಲಿ ಅನುಕೂಲಸ್ಥ ಕುಟುಂಬವೊಂದರಲ್ಲಿ ಜನಿಸಿದರು. ತಂದೆ ವಕೀಲರು. ಹುಡುಗಿಯು ಊರಿನಲ್ಲಿಯೇ ಇದ್ದ ಮಹಿಳಾ ಕಾಲೇಜಿಗೆ ಸೇರುವುದೆಂದು ಮನೆಯವರು ನಿಶ್ಚಯಿಸಿದ್ದರು. ಆದರೆ ಆಕೆಗೆ ಹದಿನಾರು ವರ್ಷವಾಗಿದ್ದಾಗ ತಮ್ಮನೂ ಅವನ ಹಿಂದೆಯೇ ತಂದೆಯೂ ತೀರಿಕೊಂಡರು. ತಂದೆಯನ್ನು ಬಲಿತೆಗೆದುಕೊಂಡುದು ವಿಷಮಶೀತಜ್ವರ, ಅಂದರೆ ಟೈಫಾಯಿಡ್. ಕುಟುಂಬದ ಆಧಾರವೇ ಕುಸಿದುಬಿದ್ದಾಗ ದುಡಿದು ಮನೆಯನ್ನು ಸಲಹಬೇಕಾದ ಹೊಣೆ ಆ ಹುಡುಗಿಯ ಹೆಗಲಿಗೆ ಬಂದಿತು. ಆಕೆ ವೈದ್ಯೆಯಾಗಲು ಸಂಕಲ್ಪಿಸಿದರು. ಬಂಧುಗಳೂ ಊರಿನ ಹಿತೈಷಿಗಳೂ ಇದನ್ನು ಒಪ್ಪಲಿಲ್ಲ. ಉಳಿದಿದ್ದ ಅಲ್ಪ ಹಣವನ್ನು ಇಂತಹ ಸಾಹಸಕ್ಕೆ ವ್ಯಯಮಾಡುವುದು ಅವಿವೇಕವೆಂದು ಅವರಿಗೆ ತೋರಿತು. ತಾಯಿಯು ಮಾತ್ರ ಕೊನೆಗೆ ಮಗಳ ನಿಶ್ಚಯಕ್ಕೆ ಒಪ್ಪಿಗೆಯಿತ್ತರು.

ಡಾ. ಎಲಿಜಬೆತ್ ಬ್ಲ್ಯಾಕ್‌ವೆಲ್ ಮತ್ತು ಅವರ ತಂಗಿ ಡಾ. ಎಮಿಲಿ ಬ್ಲ್ಯಾಕ್‌ವೆಲ್ ಅವರು ಸ್ಥಾಪಿಸಿದ್ದ ನ್ಯೂಯಾರ್ಕಿನ ಮಹಿಳಾ ವೈದ್ಯಕೀಯ ಕಾಲೇಜಿನಲ್ಲಿ ಅಭ್ಯಾಸಮಾಡಿ ಬೇಕರ್ 1898ರಲ್ಲಿ ಪದವಿ ಪಡೆದರು. ಹದಿನೆಂಟು ಮಂದಿಯ ತರಗತಿಯಲ್ಲಿ ಅವರಿಗೆ ದ್ವಿತೀಯ ಸ್ಥಾನ. ವಿದ್ಯಾರ್ಥಿ ಜೀವನದಲ್ಲಿ ಅವರು ಅನುತ್ತೀರ್ಣರಾದುದು ಒಂದೇ ಒಂದು ವಿಷಯದಲ್ಲಿ. ಆ ವಿಷಯದ ಹೆಸರು ‘ಸಹಜ ಶಿಶು’. ಆರೋಗ್ಯವಾಗಿರುವ ಮಗುವಿನ ಬೆಳವಣಿಗೆ, ಆಹಾರ, ಪಾಲನೆಗಳನ್ನು ಡಾ. ಆ್ಯನಿ ಸ್ಟರ್ಜಿಸ್ ಡೇನಿಯಲ್ ಎಂಬ ವೈದ್ಯೆ ಅಲ್ಲಿ ಬೋಧಿಸುತ್ತಿದ್ದರು. ರೋಗಗಳನ್ನು ಕಲಿಯಲು ಬಂದ ತರುಣಿಗೆ ರೋಗವಿಲ್ಲದ ಮಗುವಿನ ವಿಚಾರ ನೀರಸವೆನಿಸಿದ್ದಿರಬೇಕು. ಅದೇ ಪಾಠವನ್ನು ಮತ್ತೊಂದು ವರ್ಷ ಓದಬೇಕಾಗಿ ಬಂದಾಗ ಛಲದಿಂದ ಓದಿದರು. ಓದುತ್ತ ಓದುತ್ತ ಅದರಲ್ಲಿಯೇ ಅವರ ಮನಸ್ಸು ನೆಲೆನಿಂತಿತು. ತಮ್ಮ ಜೀವನದ ದಾರಿಯನ್ನು ತೆರೆದುದು ಆ ಸೋಲು ಎಂದು ಅವರು ಮುಂದೆ ನೆನೆಯುತ್ತಿದ್ದರು.

ಬೋಸ್ಟನ್ ನಗರದ ಮಹಿಳಾ ಮತ್ತು ಮಕ್ಕಳ ಆಸ್ಪತ್ರೆಯಲ್ಲಿ ತರಬೇತಿಯನ್ನು ಪೂರೈಸಿ ಅವರು ನ್ಯೂಯಾರ್ಕಿಗೆ ಮರಳಿದರು. ಸಹಪಾಠಿಯೊಬ್ಬರೊಡನೆ ಸೇರಿ ಚಿಕಿತ್ಸಾಲಯವನ್ನು ತೆರೆದರಾದರೂ ಮೊದಲ ವರ್ಷದ ಸಂಪಾದನೆ 185 ಡಾಲರುಗಳನ್ನು ಮೀರಲಿಲ್ಲ. ಹೆಂಗಸಾದ ವೈದ್ಯರ ಬಳಿಗೆ ಹಣವುಳ್ಳ ರೋಗಿಗಳು ಬರುತ್ತಿರಲಿಲ್ಲ. ಜೀವನೋಪಾಯಕ್ಕಾಗಿ 1901ರಲ್ಲಿ ಪರೀಕ್ಷೆ ಬರೆದು ನಗರದ ಆರೋಗ್ಯ ಇಲಾಖೆಯಲ್ಲಿ ವೈದ್ಯಕೀಯ ತನಿಖಾಧಿಕಾರಿಯ ಕೆಲಸವನ್ನು ಪಡೆದರು. ತಿಂಗಳಿಗೆ 30 ಡಾಲರ್ ಸಂಬಳ. ಆ ಕಾಲದ ಇಲಾಖೆಯಲ್ಲಿ ಭ್ರಷ್ಟತೆಯೂ ಉದಾಸೀನವೂ ತುಂಬಿದ್ದವು. ಶಾಲೆಗೆ ಹೋಗದೆಯೇ ಹೋದಂತೆ ವರದಿ ಬರೆಯುವ ವೈದ್ಯರಿಗೆ ಅಲ್ಲಿ ಕೊರತೆಯಿರಲಿಲ್ಲ. ಬೇಕರ್ ಅವರಾದರೋ ಹೇಳಿದ ಕಡೆಗೆಲ್ಲ ಹೋಗಿ ನೋಡಿಬಂದರು. ನೋಡಿದುದನ್ನು ಮರೆಯಲು ಅವರಿಗೆ ಸಾಧ್ಯವಾಗಲಿಲ್ಲ.

1902ರ ಬೇಸಿಗೆಯಲ್ಲಿ ಅವರಿಗೆ ಒಪ್ಪಿಸಿದ ಕೆಲಸವೆಂದರೆ ‘ಹೆಲ್ಸ್ ಕಿಚನ್’ ಎಂಬ ಬಡವರ ಕೇರಿಯಲ್ಲಿ ರೋಗಪೀಡಿತ ಶಿಶುಗಳನ್ನು ಹುಡುಕುವುದು. ಆ ಹೆಸರಿಗೆ ‘ನರಕದ ಅಡುಗೆಮನೆ’ ಎಂದರ್ಥ. ಅಲ್ಲಿನ ಬಾಡಿಗೆ ಮನೆಗಳು ಗಾಳಿಬೆಳಕುಗಳಿಲ್ಲದ ಗೂಡುಗಳು. ಐದಾರು ಅಂತಸ್ತುಗಳ ಕಟ್ಟಡಗಳ ಮೆಟ್ಟಿಲುಗಳನ್ನು ಹತ್ತಿ ಇಳಿದು ಅವರು ಬಾಗಿಲಿನಿಂದ ಬಾಗಿಲಿಗೆ ಅಲೆದರು. ಬೇಸಿಗೆಯ ಒಂದೊಂದು ವಾರದಲ್ಲಿ ನಗರದ ಸುಮಾರು 1500 ಶಿಶುಗಳು ಭೇದಿಯಿಂದ ಸಾಯುತ್ತಿದ್ದವೆಂದು ತಮ್ಮ ಆತ್ಮಕಥೆಯಲ್ಲಿ ಅವರು ಬರೆದಿದ್ದಾರೆ. ಅವರನ್ನು ಹೆಚ್ಚು ನೋಯಿಸಿದುದು ಸಾವಿನ ಸಂಖ್ಯೆಯಲ್ಲ, ಆ ಸಾವಿಗೆ ತಾಯಂದಿರು ಒಗ್ಗಿಹೋಗಿದ್ದುದು. ಬೇಸಿಗೆಯಲ್ಲಿ ಮಕ್ಕಳು ಸಾಯುವುದು ಮಳೆಗಾಲದಲ್ಲಿ ಮಳೆ ಸುರಿಯುವಷ್ಟೇ ಸಹಜವೆಂದು ಅವರು ತಿಳಿದಿದ್ದರು. ತನಿಖಾಧಿಕಾರಿಯು ರೋಗವನ್ನು ಪತ್ತೆಹಚ್ಚುವ ಹೊತ್ತಿಗೆ ಮಗುವಿನ ಪ್ರಾಣ ಉಳಿಯುವ ಕಾಲ ಮೀರಿರುತ್ತಿತ್ತು.

ಇಲ್ಲಿ ಬೇಕರ್ ಅವರ ಚಿಂತನೆ ಒಂದು ನಿರ್ಣಾಯಕ ತಿರುವನ್ನು ಪಡೆಯಿತು. ಸಾಯುತ್ತಿರುವ ಮಗುವನ್ನು ಹುಡುಕಿ ಹೋಗುವುದರಲ್ಲಿ ಪ್ರಯೋಜನವಿಲ್ಲ, ಆರೋಗ್ಯದಿಂದಿರುವಾಗಲೇ ಮಗುವಿನ ಬಳಿಗೆ ಹೋಗಬೇಕು ಎಂಬುದು ಅವರ ಸಿದ್ಧಾಂತ. ಇಂದು ಇದು ಸರ್ವವಿದಿತವಾದ ಮಾತು. ಅಂದಿನ ಆರೋಗ್ಯ ಇಲಾಖೆಗಳಾದರೋ ಸಾಂಕ್ರಾಮಿಕ ರೋಗ ತಲೆದೋರಿದ ಮೇಲೆ ಎಚ್ಚೆತ್ತು ಓಡುತ್ತಿದ್ದವು. ರೋಗವಿಲ್ಲದ ಮನೆಗೆ ಸರ್ಕಾರದ ಹಣದಲ್ಲಿ ದಾದಿಯನ್ನು ಕಳುಹಿಸುವುದು ವಿಚಿತ್ರವಾಗಿ ತೋರುತ್ತಿತ್ತು.

ಈ ವಿಚಾರವನ್ನು ಪರೀಕ್ಷಿಸುವ ಅವಕಾಶ 1908ರ ಬೇಸಿಗೆಯಲ್ಲಿ ಒದಗಿತು. ಶಾಲೆಗಳಿಗೆ ರಜೆಯಿದ್ದುದರಿಂದ ಶಾಲಾ ದಾದಿಯರಿಗೆ ಕೆಲಸವಿರಲಿಲ್ಲ. ಅಂತಹ ಮೂವತ್ತು ಮಂದಿಯನ್ನು ಬೇಕರ್ ಅವರ ವಶಕ್ಕೆ ಕೊಡಲಾಯಿತು. ನಗರದ ಪೂರ್ವಭಾಗದಲ್ಲಿ, ಇಟಲಿಯಿಂದ ಬಂದ ಬಡವರು ಕಿಕ್ಕಿರಿದು ವಾಸಿಸುತ್ತಿದ್ದ ಪ್ರದೇಶವೊಂದನ್ನು ಅವರು ಆರಿಸಿಕೊಂಡರು. ಹಿಂದಿನ ದಿನ ಯಾವ ಯಾವ ಮನೆಗಳಲ್ಲಿ ಮಗು ಹುಟ್ಟಿದೆಯೆಂಬ ಪಟ್ಟಿಯನ್ನು ಜನನ ನೋಂದಣಿಯ ಕಚೇರಿಯಿಂದ ತರಿಸಿಕೊಂಡು ಒಡನೆಯೇ ಆ ಮನೆಗಳಿಗೆ ದಾದಿಯರನ್ನು ಕಳುಹಿಸಿದರು. ದಾದಿಯು ಹೇಳಿಕೊಟ್ಟುದು ಸರಳವಾದ ಸಂಗತಿಗಳನ್ನು. ಸಾಧ್ಯವಿದ್ದಷ್ಟು ಕಾಲ ತಾಯಿಹಾಲನ್ನೇ ಕೊಡಬೇಕು. ಬೀದಿಯಲ್ಲಿ ಮಾರುವ ತೆರೆದ ಹಾಲನ್ನು ನಂಬಬಾರದು. ಕಿಟಕಿ ತೆರೆದು ಗಾಳಿಯಾಡಿಸಬೇಕು. ಮಗುವಿಗೆ ಆಗಾಗ್ಗೆ ಸ್ನಾನ ಮಾಡಿಸಬೇಕು. ಸೆಕೆಯಲ್ಲಿ ಬಟ್ಟೆಯನ್ನು ಬಿಗಿದು ಸುತ್ತಬಾರದು. ಯಾವ ಔಷಧವನ್ನೂ ಅವರು ಹಂಚಲಿಲ್ಲ. ಬೇಸಿಗೆ ಮುಗಿದು ಲೆಕ್ಕ ನೋಡಿದಾಗ ಆ ಪ್ರದೇಶದಲ್ಲಿ ಹಿಂದಿನ ವರ್ಷದ ಬೇಸಿಗೆಗಿಂತ 1200 ಶಿಶುಮರಣಗಳು ಕಡಿಮೆಯಾಗಿದ್ದವೆಂದು ಬೇಕರ್ ದಾಖಲಿಸಿದ್ದಾರೆ.

ಅದೇ ವರ್ಷದ ಆಗಸ್ಟ್ ತಿಂಗಳಿನಲ್ಲಿ ನಗರದ ಆರೋಗ್ಯ ಇಲಾಖೆಯಲ್ಲಿ ಮಕ್ಕಳ ಆರೋಗ್ಯಕ್ಕೆಂದೇ ಪ್ರತ್ಯೇಕ ವಿಭಾಗವು ಸ್ಥಾಪಿತವಾಯಿತು. ಸರ್ಕಾರಿ ಹಣದಿಂದ ನಡೆಯುವ ಇಂತಹ ವಿಭಾಗ ಅಮೆರಿಕದಲ್ಲಿ ಇದೇ ಮೊದಲನೆಯದು. ಅದರ ನಿರ್ದೇಶಕರಾಗಿ ಬೇಕರ್ ಅವರು ನೇಮಕಗೊಂಡಾಗ ಅವರ ಕೈಕೆಳಗೆ ಕೆಲಸ ಮಾಡಬೇಕಿದ್ದ ಆರು ಮಂದಿ ಪುರುಷ ವೈದ್ಯರು ರಾಜೀನಾಮೆ ಕೊಡಲು ಮುಂದಾದರು. ವ್ಯಕ್ತಿಯಾಗಿ ಬೇಕರ್ ಅವರ ವಿಷಯದಲ್ಲಿ ಅವರಿಗೆ ದೂರಿರಲಿಲ್ಲ. ಹೆಂಗಸಿನ ಅಧೀನದಲ್ಲಿರುವುದು ಅವಮಾನವೆಂದು ಅವರ ಭಾವನೆ. ಬೇಕರ್ ಅವರು ಕೋಪಿಸಿಕೊಳ್ಳಲಿಲ್ಲ. ಒಂದು ತಿಂಗಳು ಕೆಲಸ ಮಾಡಿ ನೋಡಿರಿ, ಆ ಮೇಲೂ ಅಸಮಾಧಾನವಿದ್ದರೆ ಧಾರಾಳವಾಗಿ ಹೋಗಬಹುದು ಎಂದು ಸೂಚಿಸಿದರು. ತಿಂಗಳು ಕಳೆಯಿತು, ಒಬ್ಬರೂ ಹೋಗಲಿಲ್ಲ. ಪುರುಷರೇ ತುಂಬಿದ್ದ ಕಚೇರಿಯಲ್ಲಿ ತಾವು ಹೆಂಗಸೆಂಬುದು ಎದ್ದು ಕಾಣಬಾರದೆಂದು ಅವರು ಗಂಡಸರ ಮಾದರಿಯ ಕೋಟು, ಗಟ್ಟಿ ಕಾಲರು, ಕೊರಳಪಟ್ಟಿಗಳನ್ನು ಧರಿಸುತ್ತಿದ್ದರು. ಯೋಗ್ಯತೆಯಿದ್ದರೂ ಸ್ತ್ರೀಯು ತನ್ನನ್ನು ಮರೆಮಾಚಿಕೊಂಡು ಬಾಳಬೇಕಾಗಿದ್ದ ಕಾಲವದು.

ವಿಭಾಗವು ಕೈಗೊಂಡ ಕಾರ್ಯಗಳು ಅನೇಕ. ಬಡ ಮನೆಗಳಲ್ಲಿ ತಂದೆತಾಯಿಗಳಿಬ್ಬರೂ ದುಡಿಯಲು ಹೋಗುತ್ತಿದ್ದುದರಿಂದ ಹಸುಗೂಸನ್ನು ನೋಡಿಕೊಳ್ಳುತ್ತಿದ್ದವರು ಎಂಟು ಹತ್ತು ವರ್ಷದ ಅಕ್ಕಂದಿರು. ಇದನ್ನು ಕಂಡು ಮರುಗಿ ಸುಮ್ಮನಾಗುವ ಬದಲು ಬೇಕರ್ ಅವರು ಆ ಹುಡುಗಿಯರಿಗಾಗಿ ‘ಪುಟ್ಟ ತಾಯಂದಿರ ಸಂಘ’ಗಳನ್ನು ಶಾಲೆಗಳಲ್ಲಿ ತೆರೆದರು. ಮಗುವನ್ನು ಎತ್ತಿಕೊಳ್ಳುವ, ಮೀಯಿಸುವ, ಹಾಲೂಡುವ ಕ್ರಮಗಳನ್ನು ಅಲ್ಲಿ ಕಲಿಸಲಾಯಿತು. ಕಲಿತ ಹುಡುಗಿಯರು ಮನೆಗೆ ಹೋಗಿ ತಾಯಂದಿರಿಗೂ ನೆರೆಹೊರೆಯವರಿಗೂ ಹೇಳಿಕೊಟ್ಟರು. ಅಧಿಕಾರಿಗಳ ಮಾತಿಗೆ ಬಾಗಿಲು ಮುಚ್ಚುತ್ತಿದ್ದ ಮನೆಗಳೂ ತಮ್ಮ ಮಗಳ ಮಾತಿಗೆ ಕಿವಿಗೊಟ್ಟವು.

ಶುದ್ಧವಾದ ಹಾಲನ್ನು ಬಡವರಿಗೆ ಒದಗಿಸುವ ಕೇಂದ್ರಗಳನ್ನು ನೇಥನ್ ಸ್ಟ್ರಾಸ್ ಎಂಬ ಉದಾರಿ ವರ್ತಕರು 1893ರಿಂದಲೇ ಸ್ವಂತ ಹಣದಿಂದ ನಡೆಸುತ್ತಿದ್ದರು. 1911ರಲ್ಲಿ ನಗರವೂ ತನ್ನ ಕೇಂದ್ರಗಳನ್ನು ತೆರೆಯಿತು. ಬೇಕರ್ ಅವರ ವಿಭಾಗದ ಕೈಯಲ್ಲಿ ಇವು ಹಾಲಿನ ಅಂಗಡಿಗಳಾಗಿ ಉಳಿಯಲಿಲ್ಲ. ಹಾಲಿಗೆಂದು ಬಂದ ತಾಯಿಯ ಮಗುವನ್ನು ವೈದ್ಯರು ಪರೀಕ್ಷಿಸಿದರು, ತೂಕ ನೋಡಿದರು, ದಾದಿಯರು ತಿಳಿವಳಿಕೆ ನೀಡಿದರು. ದಾನದ ವಸ್ತುವಿನೊಡನೆ ಜ್ಞಾನವೂ ಸೇರಿದಾಗ ಆ ದಾನದ ಫಲ ಹಲವು ಮಡಿ ಹೆಚ್ಚುವುದಕ್ಕೆ ಇದು ನಿದರ್ಶನ.

ಹುಟ್ಟಿದ ಮಗುವಿನ ಕಣ್ಣಿಗೆ ಸೋಂಕು ತಗುಲಿ ಕುರುಡಾಗುವುದನ್ನು ತಪ್ಪಿಸಲು ಸಿಲ್ವರ್ ನೈಟ್ರೇಟ್ ದ್ರಾವಣದ ಹನಿಗಳನ್ನು ಹಾಕುವ ಪದ್ಧತಿಯಿತ್ತು. ಆದರೆ ಸೀಸೆಯಲ್ಲಿಟ್ಟ ದ್ರಾವಣದ ನೀರು ಆವಿಯಾಗಿ ಔಷಧವು ಗಾಢವಾಗುತ್ತಿತ್ತು. ಕೆಲವು ಸಲ ಸೀಸೆಯೇ ಮಲಿನವಾಗುತ್ತಿತ್ತು. ಕಣ್ಣನ್ನು ಉಳಿಸಬೇಕಾದ ಔಷಧವೇ ಕಣ್ಣಿಗೆ ಕೇಡು ಮಾಡುವ ಸಂಭವವಿತ್ತು. ಒಂದೊಂದು ಕಣ್ಣಿಗೆ ಬೇಕಾದಷ್ಟೇ ಔಷಧವನ್ನು ಶುದ್ಧವಾಗಿ ತುಂಬಿದ ಜೇನುಮೇಣದ ಪುಟ್ಟ ಗುಳಿಗೆಗಳನ್ನು ಬೇಕರ್ ಅವರು ಬಳಕೆಗೆ ತಂದರು. ಇವನ್ನು ಸೂಲಗಿತ್ತಿಯರಿಗೂ ಕೊಡಲಾಯಿತು. ಸೂಲಗಿತ್ತಿಯರನ್ನು ನಿಷೇಧಿಸಬೇಕೆಂದು ಅನೇಕ ವೈದ್ಯರು ಕೂಗೆಬ್ಬಿಸಿದ್ದ ಕಾಲವದು. ಬಡ ತಾಯಿಯು ನಂಬಿದ ಹೆಂಗಸನ್ನು ಕಸಿದುಕೊಂಡರೆ ಅವಳಿಗೆ ಯಾರೂ ಉಳಿಯುವುದಿಲ್ಲವೆಂದು ಅರಿತ ಬೇಕರ್ ಅವರು ನಿಷೇಧಕ್ಕೆ ಬದಲಾಗಿ ಶಿಕ್ಷಣವನ್ನೂ ಪರವಾನಗಿಯನ್ನೂ ಸಮರ್ಥಿಸಿದರು. 1911ರಲ್ಲಿ ಬೆಲ್‌ವ್ಯೂ ಆಸ್ಪತ್ರೆಯಲ್ಲಿ ಸೂಲಗಿತ್ತಿಯರ ಶಾಲೆಯು ಪ್ರಾರಂಭವಾಯಿತು.

ಹಸುಗೂಸಿಗೆ ಸುಲಭವಾಗಿ ತೊಡಿಸಬಹುದಾದ, ಮುಂಭಾಗದಲ್ಲಿ ತೆರೆದುಕೊಳ್ಳುವ ಸಡಿಲವಾದ ಉಡುಪನ್ನೂ ಅವರು ರೂಪಿಸಿದರು. ಅನಾಥ ಶಿಶುಗಳ ವಿಷಯದಲ್ಲಿ ಅವರು ಕಂಡುಕೊಂಡ ಸತ್ಯವು ಮನನೀಯವಾದುದು. ಬಿಟ್ಟುಹೋದ ಮಕ್ಕಳನ್ನು ಸ್ವಚ್ಛವಾದ ಆಸ್ಪತ್ರೆಗಳಲ್ಲಿ, ತರಬೇತಾದ ದಾದಿಯರ ಉಸ್ತುವಾರಿಯಲ್ಲಿ ಇಡಲಾಗುತ್ತಿತ್ತು. ಆದರೂ ಆ ಮಕ್ಕಳು ಬಾಡಿ ಸಾಯುತ್ತಿದ್ದವು. ಕೇರಿಯ ಕೊಳಕಿನ ನಡುವೆ ಮನೆಯಲ್ಲಿ ಬೆಳೆಯುವ ಮಗುವು ಬದುಕುತ್ತಿರುವಾಗ ಇಷ್ಟೆಲ್ಲ ಅಚ್ಚುಕಟ್ಟಿನಲ್ಲಿ ಈ ಮಗುವೇಕೆ ಸಾಯುತ್ತದೆಯೆಂದು ಅವರು ಚಿಂತಿಸಿದರು. ಎತ್ತಿ ಆಡಿಸುವ ತೋಳುಗಳಿಲ್ಲದಿರುವುದೇ ಕಾರಣವೆಂದು ಮನಗಂಡು ಅಂತಹ ಕೂಸುಗಳನ್ನು ಬಡಕೇರಿಗಳ ಸಾಕುತಾಯಂದಿರ ಮಡಿಲಿಗೆ ಒಪ್ಪಿಸಿದರು. ಅವರಲ್ಲಿ ಮರಣದ ಪ್ರಮಾಣ ಗಣನೀಯವಾಗಿ ಇಳಿಯಿತು. ಶುಚಿತ್ವವನ್ನು ಜೀವನವಿಡೀ ಬೋಧಿಸಿದ ವೈದ್ಯೆಯೇ ಶುಚಿತ್ವವೊಂದೇ ಸಾಲದೆಂದು ಒಪ್ಪಿಕೊಂಡುದು ಅವರ ಸತ್ಯನಿಷ್ಠೆಗೆ ಸಾಕ್ಷಿ.

ಈ ಕಾರ್ಯಕ್ಕೆ ವಿರೋಧವೂ ಬಂದಿತು. ನ್ಯೂಯಾರ್ಕಿನ ಬ್ರೂಕ್ಲಿನ್ ಭಾಗದ ಹಲವು ವೈದ್ಯರು ಸಹಿಮಾಡಿ ಮೇಯರಿಗೆ ಒಂದು ಮನವಿಯನ್ನು ಸಲ್ಲಿಸಿದರು. ಆರೋಗ್ಯ ಕೇಂದ್ರಗಳ ದೆಸೆಯಿಂದ ಮಕ್ಕಳು ಕಾಯಿಲೆ ಬೀಳುವುದು ಕಡಿಮೆಯಾಗಿ ತಮ್ಮ ವೃತ್ತಿಗೆ ಹಾನಿಯಾಗುತ್ತಿದೆ, ಆದುದರಿಂದ ಈ ವಿಭಾಗವನ್ನು ಮುಚ್ಚಬೇಕು ಎಂಬುದು ಮನವಿಯ ಸಾರ. ಬೇಕರ್ ಅವರು ಇದನ್ನು ದೂರೆಂದು ಎಣಿಸದೆ ತಮ್ಮ ವಿಭಾಗಕ್ಕೆ ಸಂದ ಪ್ರಶಂಸೆಯೆಂದೇ ಸ್ವೀಕರಿಸಿದರು. ಪ್ರಸಂಗವು ನಗೆ ತರಿಸುವಂತಹುದು. ಆದರೂ ಆ ವೈದ್ಯರನ್ನು ಹಳಿದು ಸುಮ್ಮನಾಗುವಂತಿಲ್ಲ. ಪರರ ದುಃಖದಿಂದ ತನಗೆ ದೊರೆಯುವ ಲಾಭಕ್ಕೆ ಮನುಷ್ಯನು ಎಷ್ಟು ಸುಲಭವಾಗಿ ಒಗ್ಗಿಹೋಗುತ್ತಾನೆ, ಮತ್ತು ಅದನ್ನು ನ್ಯಾಯವೆಂದೇ ಹೇಗೆ ನಂಬುತ್ತಾನೆ ಎಂಬುದನ್ನು ಅವರ ಮನವಿಯು ತೋರಿಸುತ್ತದೆ. ನಮ್ಮ ನಮ್ಮ ವ್ಯಾಪಾರ ವೃತ್ತಿಗಳಲ್ಲಿಯೂ ಇಂತಹ ಲಾಭದ ಅಂಶವಿದೆಯೇ ಎಂದು ನಾವು ಕೇಳಿಕೊಳ್ಳುವುದು ಲೇಸು.

ಬೇಕರ್ ಅವರ ಚರಿತ್ರೆಯಲ್ಲಿ ನೈತಿಕ ಸಂದಿಗ್ಧದ ಅಧ್ಯಾಯವೊಂದಿದೆ. ಅದನ್ನು ಮರೆಮಾಚಿದರೆ ಈ ಲೇಖನ ಅಪೂರ್ಣವಾಗುತ್ತದೆ. 1907ರಲ್ಲಿ ಮೇರಿ ಮ್ಯಾಲನ್ ಎಂಬ ಅಡುಗೆಯಾಕೆ ಕೆಲಸ ಮಾಡಿದ ಹಲವು ಮನೆಗಳಲ್ಲಿ ಟೈಫಾಯಿಡ್ ಕಾಣಿಸಿಕೊಂಡಿತ್ತೆಂದು ಜಾರ್ಜ್ ಸೋಪರ್ ಎಂಬ ತಜ್ಞರು ಪತ್ತೆಹಚ್ಚಿದರು. ಮೇರಿ ಸ್ವತಃ ಆರೋಗ್ಯವಂತೆ. ಆರೋಗ್ಯವಂತರ ದೇಹದಲ್ಲಿಯೂ ರೋಗಾಣುಗಳು ನೆಲೆಸಿ ಇತರರಿಗೆ ಹರಡಬಲ್ಲವೆಂಬ ಸಂಗತಿ ಆಗ ಜನಸಾಮಾನ್ಯರಿಗೆ ತಿಳಿದಿರಲಿಲ್ಲ. ಪರೀಕ್ಷೆಗೆ ಒಪ್ಪದ ಆಕೆಯನ್ನು ಕರೆತರುವ ಕೆಲಸ ಬೇಕರ್ ಅವರಿಗೆ ಬಿದ್ದಿತು. ಪೊಲೀಸರೊಡನೆ ಹೋದಾಗ ಮೇರಿ ಅಡುಗೆಮನೆಯ ಉದ್ದನೆಯ ಮುಳ್ಳುಚಮಚವನ್ನು ಹಿಡಿದು ಎದುರಿಸಿ ತಪ್ಪಿಸಿಕೊಂಡಳು. ಗಂಟೆಗಟ್ಟಲೆ ಹುಡುಕಿದ ಮೇಲೆ, ಬಾಗಿಲ ಸಂದಿಯಲ್ಲಿ ಸಿಕ್ಕಿಕೊಂಡಿದ್ದ ಬಟ್ಟೆಯ ಚೂರಿನಿಂದ ಅವಳ ಅಡಗುದಾಣ ಗೊತ್ತಾಯಿತು. ಬಲವಂತವಾಗಿ ವಾಹನಕ್ಕೇರಿಸಿ ಆಸ್ಪತ್ರೆ ಮುಟ್ಟುವವರೆಗೂ ಬೇಕರ್ ಅವರು ಅವಳ ಮೇಲೆ ಕುಳಿತೇ ಇರಬೇಕಾಯಿತು.

ಮೇರಿಯನ್ನು ದ್ವೀಪವೊಂದರಲ್ಲಿ ಪ್ರತ್ಯೇಕವಾಗಿರಿಸಲಾಯಿತು. ಅಡುಗೆಯ ಕೆಲಸ ಮಾಡುವುದಿಲ್ಲವೆಂಬ ವಚನದ ಮೇಲೆ 1910ರಲ್ಲಿ ಬಿಡುಗಡೆಯಾದಳು. 1915ರಲ್ಲಿ ಹೆರಿಗೆ ಆಸ್ಪತ್ರೆಯೊಂದರಲ್ಲಿ 25 ಮಂದಿಗೆ ಟೈಫಾಯಿಡ್ ತಗುಲಿ ಇಬ್ಬರು ಸತ್ತಾಗ, ಹೆಸರು ಬದಲಿಸಿಕೊಂಡು ಅಲ್ಲಿ ಅಡುಗೆ ಮಾಡುತ್ತಿದ್ದವಳು ಮೇರಿಯೇ ಎಂದು ತಿಳಿಯಿತು. 1938ರಲ್ಲಿ ಮರಣಿಸುವವರೆಗೂ ಅವಳು ಆ ದ್ವೀಪದಲ್ಲಿಯೇ ಬಂಧಿತಳಾಗಿದ್ದಳು. ಟೈಫಾಯಿಡ್‌ನಿಂದ ತಂದೆಯನ್ನು ಕಳೆದುಕೊಂಡಿದ್ದ ಬೇಕರ್ ಅವರಿಗೆ ಹಲವರ ಪ್ರಾಣದ ಬೆಲೆ ತಿಳಿದಿತ್ತು. ಆದರೂ ಅಪರಾಧವನ್ನೇ ಮಾಡದ ಬಡ ಹೆಂಗಸಿಗೆ ಬೇರೊಂದು ಜೀವನೋಪಾಯವನ್ನು ಭದ್ರವಾಗಿ ಕಲ್ಪಿಸಿಕೊಡದೆ ವಚನವನ್ನು ಮಾತ್ರ ಕೇಳಿದ ಸಮಾಜದ ಹೊಣೆಯೂ ಇಲ್ಲಿದೆ. ಹಲವರ ರಕ್ಷಣೆಗಾಗಿ ಒಬ್ಬರ ಸ್ವಾತಂತ್ರ್ಯವನ್ನು ಕಿತ್ತುಕೊಳ್ಳುವಾಗ ಆ ಒಬ್ಬರ ಋಣವು ಹಲವರ ಮೇಲೆ ಉಳಿಯುತ್ತದೆ. ಆ ಋಣವನ್ನು ನ್ಯೂಯಾರ್ಕ್ ನಗರ ತೀರಿಸಲಿಲ್ಲ.

ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಬೇಕರ್ ಅವರು ನ್ಯೂಯಾರ್ಕಿನ ತೊಟ್ಟಿಲಿನಲ್ಲಿ ಮಲಗಿರುವುದಕ್ಕಿಂತ ಫ್ರಾನ್ಸಿನ ರಣರಂಗದಲ್ಲಿ ಸೈನಿಕನಾಗಿರುವುದು ಹೆಚ್ಚು ಕ್ಷೇಮವೆಂದು ಸಾರಿದರು. ಸೈನಿಕರಲ್ಲಿ ನೂರಕ್ಕೆ 4 ಮಂದಿಯೂ ಶಿಶುಗಳಲ್ಲಿ ನೂರಕ್ಕೆ 12ರಷ್ಟೂ ಸಾಯುತ್ತಿರುವರೆಂಬ ಲೆಕ್ಕವನ್ನು ಮುಂದಿಟ್ಟರು. ವೀರಮರಣಕ್ಕೆ ಕಣ್ಣೀರಿಡುತ್ತಿದ್ದ ಜನ ತಮ್ಮ ಬೀದಿಯ ಸಾವುಗಳ ಕಡೆಗೂ ತಿರುಗಿ ನೋಡಿದರು. ಶಾಲಾಮಕ್ಕಳ ಊಟದ ವ್ಯವಸ್ಥೆಗೆ ಬೆಂಬಲ ಗಳಿಸಲು ಈ ಎಚ್ಚರವು ಅವರಿಗೆ ನೆರವಾಯಿತು.

1916ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯವು ಸಾರ್ವಜನಿಕ ಆರೋಗ್ಯದ ವಿದ್ಯಾರ್ಥಿಗಳಿಗೆ ಶಿಶು ಆರೋಗ್ಯವನ್ನು ಬೋಧಿಸಬೇಕೆಂದು ಅವರನ್ನು ಕೋರಿತು. ಅದೇ ಶಿಕ್ಷಣಕ್ಕೆ ತಮ್ಮನ್ನು ವಿದ್ಯಾರ್ಥಿನಿಯಾಗಿ ಸೇರಿಸಿಕೊಂಡರೆ ಬೋಧಿಸುವೆನೆಂದು ಅವರು ಷರತ್ತು ಹಾಕಿದರು. ಸ್ತ್ರೀಯರಿಗೆ ಅಲ್ಲಿ ಪ್ರವೇಶವಿಲ್ಲವೆಂದು ವಿಶ್ವವಿದ್ಯಾಲಯ ಮೊದಲು ನಿರಾಕರಿಸಿತು. ಅವರಿಗಿಂತ ಸಮರ್ಥರಾದ ಬೋಧಕರು ದೊರೆಯದೆ ಕೊನೆಗೆ ಮಣಿಯಿತು. 1917ರಲ್ಲಿ ಬೇಕರ್ ಅವರು ಸಾರ್ವಜನಿಕ ಆರೋಗ್ಯದಲ್ಲಿ ಡಾಕ್ಟರೇಟ್ ಪಡೆದರು. ತರಗತಿಯಲ್ಲಿ ವಿದ್ಯಾರ್ಥಿಗಳು ಚಪ್ಪಾಳೆ ತಟ್ಟಿ ಗೇಲಿಮಾಡಿದರೂ ಅವರು ನಕ್ಕು ಪಾಠವನ್ನು ಮುಂದುವರಿಸಿದರು. ಹೀಗೆ ಹದಿನೈದು ವರ್ಷ ಅಲ್ಲಿ ಬೋಧಿಸಿದರು.

1923ರಲ್ಲಿ ಅವರು ನಗರದ ಸೇವೆಯಿಂದ ನಿವೃತ್ತರಾದರು. 1908ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಪ್ರತಿ ಸಾವಿರ ಶಿಶುಗಳಲ್ಲಿ ವರ್ಷ ತುಂಬುವುದರೊಳಗಾಗಿ 144 ಸಾಯುತ್ತಿದ್ದವು. 1918ರ ವೇಳೆಗೆ ಈ ಸಂಖ್ಯೆ 88ಕ್ಕೂ 1923ರ ವೇಳೆಗೆ 66ಕ್ಕೂ ಇಳಿದಿತ್ತು. ಇದೆಲ್ಲವೂ ಒಬ್ಬರ ಸಾಧನೆಯೆಂದು ಹೇಳಲಾಗದು. ಶುದ್ಧವಾದ ನೀರು, ಕಾಯಿಸಿ ಶೋಧಿಸಿದ ಹಾಲಿನ ಕಾನೂನು, ಚರಂಡಿ ವ್ಯವಸ್ಥೆ, ಜನರ ಆದಾಯದ ಏರಿಕೆ ಇವೂ ಕಾರಣಗಳು. ಆದರೆ ಮನೆಮನೆಗೆ ನಡೆದು ಹೋದ ದಾದಿಯರ ಪಾಲನ್ನು ಅಲ್ಲಗಳೆಯುವಂತಿಲ್ಲ. 1939ರಲ್ಲಿ ‘ಫೈಟಿಂಗ್ ಫಾರ್ ಲೈಫ್’ ಎಂಬ ತಮ್ಮ ಆತ್ಮಕಥೆಯನ್ನು ಪ್ರಕಟಿಸಿದ ಬೇಕರ್ ಅವರು 1945ರ ಫೆಬ್ರವರಿ 22ರಂದು ನಿಧನರಾದರು.

ದಾನಶೀಲರಾದ ಕುಟುಂಬಗಳೂ ಧರ್ಮಸಂಸ್ಥೆಗಳೂ ಈ ಚರಿತ್ರೆಯಿಂದ ಗ್ರಹಿಸಬಹುದಾದ ವಿಚಾರವೊಂದಿದೆ. ಆಸ್ಪತ್ರೆಯ ಗೋಡೆಯ ಮೇಲೆ ದಾನಿಯ ಹೆಸರನ್ನು ಕೆತ್ತಿಸಬಹುದು. ಕಾಯಿಲೆಯೇ ಬೀಳದ ಮಗುವಿನ ಮೇಲೆ ಯಾರ ಹೆಸರನ್ನೂ ಕೆತ್ತಲಾಗದು. ಕಟ್ಟಡಕ್ಕೆ ಹಣ ಸುಲಭವಾಗಿ ಸೇರುತ್ತದೆ. ದಾದಿಯೊಬ್ಬಳ ತಿಂಗಳ ಸಂಬಳಕ್ಕೆ, ಗರ್ಭಿಣಿಯ ಮನೆಗೆ ಹೋಗಿಬರುವ ಖರ್ಚಿಗೆ, ಹುಡುಗಿಯರಿಗೆ ಶಿಶುಪಾಲನೆ ಕಲಿಸುವ ತರಗತಿಗೆ ಹಣ ಕೇಳಿದರೆ ಕೈಗಳು ಹಿಂಜರಿಯುತ್ತವೆ. ಹಾನಿ ಮಾಡದಿರುವುದು ಒಂದು ಧರ್ಮ. ತಡೆಯಬಹುದಾದ ಹಾನಿಯನ್ನು ಪ್ರಮಾದದಿಂದ ನಡೆಯಗೊಡದಿರುವುದು ಅದರ ಮುಂದಿನ ಮೆಟ್ಟಿಲು. ಮಕ್ಕಳ ಸಾವು ವಿಧಿಯೆಂದು ಒಪ್ಪಿಕೊಂಡಿದ್ದ ಕೇರಿಯಲ್ಲಿ ಅದನ್ನು ಒಪ್ಪದೆ ಮೆಟ್ಟಿಲು ಹತ್ತಿದ ಆ ವೈದ್ಯೆಯಿಂದ ಬದುಕಿ ಉಳಿದವರಲ್ಲಿ ಬಹುಪಾಲು ಜನ ಅವರ ಹೆಸರನ್ನು ಕೇಳಿರಲಾರರು. ನಮ್ಮ ಸಂಸ್ಥೆಗಳ ಮುಂದಿನ ವರ್ಷದ ಆಯವ್ಯಯವನ್ನು ಬರೆಯಲು ಕುಳಿತಾಗ, ಹೆಸರು ಉಳಿಯದ ಇಂತಹ ಕಾರ್ಯಕ್ಕಾಗಿ ಒಂದು ಸಾಲನ್ನಾದರೂ ಸೇರಿಸುವ ಮನಸ್ಸು ನಮಗೆ ಬರಲಿ.